ಶಿಖರ ಕಂಡ ಮೇಲೆ ಊಟ

ಹೆಚ್ಚು ಓದಿದವನಿಗೆ ಅಂಟುವ ರೋಗವೆಂದರೆ ಅನುಮಾನ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ಮೇಲೆ ನಾನು ಗೋಡೆ ಗಡಿಯಾರವನ್ನೂ ನಂಬಿದವನಲ್ಲ. ಮನೆಗೆ ಬರುವ ಹಾಲಿನ ಮಾತಂತೂ ಕೇಳಲೇಬೇಡಿ. ಈಗ ಆ ಅನುಮಾನ ನನ್ನ ನೆನಪಿನ ಮೇಲೆಯೇ ತಿರುಗಿಬಿದ್ದಿದೆ. ಅದಕ್ಕೆ ಕಾರಣ ನಮ್ಮವ್ವನ ಊಟ.

ಅಫಜಲಪುರದ ಕಾಲೇಜಿನಲ್ಲಿ ಪಾಠ ಹೇಳಿದರೂ ನಾನಿರುವುದು ಭೀಮೆಯ ದಂಡೆಯ ನಮ್ಮ ಹಳ್ಳಿಯಲ್ಲೇ. ಮಾಳಿಗೆ ಹತ್ತಿ, ಘತ್ತರಗಿಯ ಭಾಗ್ಯವಂತಿ ಗುಡಿಯ ಶಿಖರ ಕಂಡು ಕೈಮುಗಿಯದೆ ಅವ್ವ ರೊಟ್ಟಿ ಮುರಿಯುವುದಿಲ್ಲ. ಅಜ್ಜಿಯ ಕಾಲದಿಂದ ಬಂದ ನೇಮ. ಚಿಕ್ಕಂದಿನಲ್ಲಿ ಆ ಶಿಖರ ಬಿಸಿಲಿಗೆ ಹೊಳೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಎರಡು ವರ್ಷದ ಹಿಂದೆ ಊರಾಚೆ ಇಟ್ಟಂಗಿ ಸುಡುವ ಭಟ್ಟಿ ಬಂತು, ಅದರ ಹೊಗೆಯೂ ಬಂತು. ಅಂದಿನಿಂದ ಆ ದಿಕ್ಕಿಗೆ ಹೊಲವಿಲ್ಲ, ಹೊಳೆಯಿಲ್ಲ. ಹಿಟ್ಟು ಕದಡಿದ ನೀರಿನಂಥ ಆಕಾಶ ಮಾತ್ರ. ಆದರೂ ಅವ್ವ ದಿನವೂ ಹೊತ್ತಿಗೆ ಸರಿಯಾಗಿ ಇಳಿದು ಬಂದು ಉಣ್ಣುತ್ತಿದ್ದಳು! ಮೊದಲು ನನ್ನ ಚಷ್ಮಾದ ಮೇಲೆ ಅನುಮಾನ ಬಂತು, ಆಮೇಲೆ ಹೆತ್ತವಳ ಮೇಲೂ ಬಂತು. ಒಂದು ದಿನ ಅವಳ ಹಿಂದೆಯೇ ಮಾಳಿಗೆ ಹತ್ತಿದೆ. ಅವ್ವ ಭಕ್ತಿಯಿಂದ ಕೈಮುಗಿದದ್ದು ಭಟ್ಟಿಯ ಚಿಮ್ನಿಗೆ. ಮಬ್ಬಿನಲ್ಲಿ ತುದಿಯಷ್ಟೇ ಕಾಣುವ ಅದು ಶಿಖರವೆಂದರೆ ಶಿಖರವೇ.

ಹೇಳಿದರೆ, ಎರಡು ವರ್ಷ ನೇಮ ಮುರಿದು ಉಂಡೆನೆಂದು ಅವ್ವ ಉಪವಾಸ ಕೂಡುವವಳೇ. ಹೇಳದೆಯೇ ಅವಳ ಶಿಖರವನ್ನು ಮರಳಿ ಕೊಡಿಸೋಣವೆಂದು, ಭಟ್ಟಿ ದೂರ ಸರಿಸಲು ತಹಶೀಲ್ದಾರರಿಗೆ ಅರ್ಜಿ ಬರೆದೆ. 'ಮೊದಲು ಕಾಣುತ್ತಿದ್ದ ಶಿಖರ ಹೊಗೆಯಿಂದಾಗಿ ಈಗ ಕಾಣುತ್ತಿಲ್ಲ.' ಹೆಂಡತಿ ಓದಿ ನಕ್ಕಳು. "ಮೊದಲ ಕಾಣ್ತಿತ್ತಂತ ಸಾಕ್ಷಿ ಯಾರ್ರಿ? ನಿನ್ನಿ ಛತ್ರಿ ಎಲ್ಲಿಟ್ಟೀರಿ ಅಂಬೋದೇ ನಿಮಗ ನೆನಪಿಲ್ಲ."

ಸಿಟ್ಟಿನಲ್ಲಿ ಸಾಕ್ಷಿಯೆಂದು ಅವ್ವನ ಹೆಸರು ಬರೆದೆ. ಎಂ.ಎ. ಓದಿದವನು ಮಾತ್ರ ಮಾಡಬಹುದಾದ ತಪ್ಪು.

ಪಂಚನಾಮೆಗೆ ಕಂದಾಯ ಇಲಾಖೆಯ ಗಿರ್ದಾವರರು ಬಂದು, ಮಾಳಿಗೆ ಹತ್ತಿ, ಚೆನ್ನಾಗಿ ಕೆಮ್ಮಿದರು. ನಾನು ಒಳಗೊಳಗೇ ಹಿಗ್ಗಿದೆ.

"ಯವ್ವಾ, ಮೊದಲ ಇಲ್ಲಿಂದ ಗುಡಿ ಶಿಖರ ಕಾಣ್ತಿತ್ತೇನ್ರಿ?"

"ಮೊದಲೇನ್ರಿ, ಈಗೂ ಕಾಣ್ತದಲ್ಲ! ಕಾಣಲಾರ್ದ ಹ್ಯಾಂಗ ಉಣ್ತೇನಿ? ಅಗೋ, ನೋಡ್ರಿ."

ಗಿರ್ದಾವರರು ಅವಳ ಬೆರಳಿನ ನೇರಕ್ಕೆ ಕಣ್ಣು ಕಿರಿದು ಮಾಡಿದರು. "ಹೌದು, ಏನೋ ಕಾಣ್ತದ. ಮತ್ತ ಮಗ ಕಾಣಂಗಿಲ್ಲಂತ ಬರದಾನಲ್ಲ?"

"ಅಂವ ಭಾಳ ಓದ್ಯಾನ್ರಿ. ಕಣ್ಣು ಹೋಗ್ಯಾವ."

"ಮಾಸ್ತರ, ನಿಮಗ ಕಾಣಾಕತ್ತದೋ ಇಲ್ಲೋ? ಒಂದ ಮಾತು ಹೇಳ್ರಿ, ಬರ್ಕೋತೇನಿ."

ಅವ್ವ ನನ್ನನ್ನೇ ನೋಡಿದಳು. ಅವಳಿನ್ನೂ ಉಂಡಿರಲಿಲ್ಲ. ಕೆಳಗಿನಿಂದ ರೊಟ್ಟಿಯ ವಾಸನೆ ಬರುತ್ತಿತ್ತು.

"ಕಾಣ್ತದ್ರಿ," ಎಂದು ಸಹಿ ಹಾಕಿದೆ. ಅರ್ಜಿ ಅಲ್ಲಿಗೆ ಮುಗಿಯಿತು.

ಉಣ್ಣುವಾಗ ಮೆಲ್ಲಗೆ ಕೇಳಿದೆ. "ಅವ್ವಾ, ಸಣ್ಣಾಂವ ಇದ್ದಾಗ ನನಗ ಶಿಖರ ಖರೇನ ಕಾಣ್ತಿತ್ತಲ್ಲ?"

"ಕಾಣದೇನೋ ಯಪ್ಪಾ! ಅಜ್ಜಿ ಎತ್ತಿ ಹಿಡಿದು 'ಕಂಡಿತೇನ್ಲೇ' ಅನ್ನೋದರಾಗ 'ಕಂಡಿತು' ಅಂತಿದ್ದಿ. ಕಂಡಿತಂದ್ರನ ನಿನಗ ರೊಟ್ಟಿ-ಬೆಲ್ಲ. ಮೋಡ ಮುಚ್ಚಿದ ದಿನಾನೂ ಕಾಣ್ತಿತ್ತು ನಿನಗ."

ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.