ಹದಿನೇಳರ ಮಗ್ಗಿಯ ವಿಚಾರಣೆ

ಲೆಕ್ಕ ಮಾಡುವವರಲ್ಲಿ ಎರಡು ಪಂಗಡಗಳಿವೆ. ತಲೆಯಲ್ಲಿ ಮಾಡುವವರದು ಒಂದು, ಬಾಯಲ್ಲಿ ಮಾಡುವವರದು ಇನ್ನೊಂದು. ಮೊದಲನೆಯವರು ಮುಖದ ಒಂದು ಗೆರೆಯೂ ಅಲುಗದಂತೆ ಉತ್ತರ ಹೇಳಿಬಿಡುತ್ತಾರೆ. ಅಂಥವರನ್ನು ಕಂಡರೆ ನನಗೆ ಗೌರವವೂ ಇದೆ, ಸ್ವಲ್ಪ ಅನುಮಾನವೂ ಇದೆ. ನಾನು ಎರಡನೆಯ ಪಂಗಡದವನು. ನನ್ನ ಗಣಿತ ಇರುವುದು ಗಂಟಲಿನಲ್ಲಿ. ನೆಗಡಿಯಾದ ದಿನ ನನಗೆ ಭಾಗಾಕಾರ ಬರುವುದಿಲ್ಲ. ಈ ಅಂಗರಚನೆಯ ದೋಷದಿಂದಾಗಿ ಐವತ್ತು ದಾಟಿದ ಮೇಲೆ ಒಂದು ನೌಕರಿಯನ್ನೂ, ಅದರ ಬೆನ್ನಿಗೇ ಒಂದು ದೇಶವನ್ನೂ ಕಳೆದುಕೊಳ್ಳುವ ಸ್ಥಿತಿಗೆ ನಾನು ಬಂದದ್ದು ಹೇಗೆ ಎಂಬುದನ್ನು ಇಲ್ಲಿ ಸಕಲ ಗಾಂಭೀರ್ಯದೊಡನೆ ದಾಖಲಿಸುತ್ತಿದ್ದೇನೆ.

ಮೂಲ ದಾವಣಗೆರೆ. ಅಲ್ಲಿ ಗಿರಣಿ ಕೆಲಸಗಾರರ ಓಣಿಯ ಶಾಲೆಯಲ್ಲಿ ಗುರುಬಸಪ್ಪ ಮಾಸ್ತರು ನಮಗೆ ಮಗ್ಗಿ ಕಲಿಸಿದರು. ಕಲಿಸಿದರು ಎನ್ನುವುದಕ್ಕಿಂತ ಹಾಡಿಸಿದರು ಎನ್ನುವುದು ಸರಿ. ಸಂಜೆ ಗಂಟೆ ಹೊಡೆಯುವ ಮೊದಲು ಇಡೀ ತರಗತಿ ಕೈಕಟ್ಟಿ ನಿಂತು ಒಂದೇ ರಾಗದಲ್ಲಿ ಕಿರುಚಬೇಕು. ಮಾಸ್ತರು ಆಗ ಹೊರಗೆ ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತ ಕೂರುತ್ತಿದ್ದರು. ಗದ್ದಲ ಕಡಿಮೆಯಾದರೆ ಮಾತ್ರ ಬೆತ್ತ ಒಳಗೆ ಬರುತ್ತಿತ್ತು. ಗದ್ದಲವಿದ್ದರೆ ವಿದ್ಯೆ ನಡೆಯುತ್ತಿದೆ ಎಂದರ್ಥ. ಈ ಪದ್ಧತಿಯಲ್ಲಿ ಕಲಿತದ್ದು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಅದು ರಾಗದ ಹಗ್ಗ ಹಿಡಿದುಕೊಂಡೇ ಮೇಲೆ ಬರಬೇಕು. ಹದಿನೇಳಾರು ಎಷ್ಟು ಎಂದು ಯಾರಾದರೂ ಥಟ್ಟನೆ ಕೇಳಿದರೆ ನಾನು ಹದಿನೇಳೊಂದ್ಲೆಯಿಂದ ಹೊರಟು, ನಡುವಿನ ನಿಲ್ದಾಣಗಳಲ್ಲೆಲ್ಲ ಇಳಿದು ಹತ್ತಿ, ಅಲ್ಲಿಗೆ ತಲುಪಬೇಕು.

ಮುಂದೆ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿಕೊಂಡು, ಅಲ್ಲಿ ಇಲ್ಲಿ ಅಲೆದು, ಮಲೇಷ್ಯಾಕ್ಕೆ ಬಂದು ಬಿದ್ದೆ. ಮನೆ ಪುಚೊಂಗ್‌ನಲ್ಲಿ, ಕೆಲಸ ಸೈಬರ್‌ಜಯಾದ ಒಂದು ಡೇಟಾ ಸೆಂಟರಿನಲ್ಲಿ. ಜಗತ್ತಿನ ಜನ ತಮ್ಮ ಮದುವೆಯ ಫೋಟೋಗಳನ್ನೂ ಆಫೀಸಿನ ಜಗಳಗಳನ್ನೂ ತುಂಬಿಟ್ಟಿರುವ ಕಂಪ್ಯೂಟರುಗಳು ಅಲ್ಲಿ ಸಾಲಾಗಿ ನಿಂತಿವೆ. ಅವು ಬಿಸಿಯಾಗದಂತೆ ತಣ್ಣಗಿಡುವ ಯಂತ್ರಗಳನ್ನು ನೋಡಿಕೊಳ್ಳುವವನು ನಾನು. ಈ ಕೆಲಸಕ್ಕೆ ನನ್ನ ಡಿಪ್ಲೊಮಾ ಸಾಲದು ಎಂದು ಇಷ್ಟು ವರ್ಷ ಯಂತ್ರಗಳು ದೂರಿರಲಿಲ್ಲ. ಆದರೆ ಹೋದ ವರ್ಷ ಕಂಪನಿಯ ಮೇಲಿನವರು ಬದಲಾಗಿ, ನನ್ನ ದರ್ಜೆಯವರಿಗೆ ಪದವಿ ಇಲ್ಲದಿದ್ದರೆ ಕೆಲಸದ ಪಾಸನ್ನು ನವೀಕರಿಸುವುದಿಲ್ಲ ಎಂಬ ನಿಯಮ ಬಂತು. ಎಚ್.ಆರ್. ವಿಭಾಗದ ಹುಡುಗಿ ಬಹಳ ಅಕ್ಕರೆಯಿಂದ, ಇಲ್ಲಿಯವರು ಮಾತಿನ ತುದಿಗೆ ಅಂಟಿಸುವ 'ಲಾ' ಸಮೇತ, "ಡೋಂಟ್ ವರಿ ಲಾ ಅಂಕಲ್, ಡಿಗ್ರಿ ತಗೊಂಡ್ಬಿಡಿ, ಅಷ್ಟೇ" ಅಂದಳು, ಅಂಗಡಿಯಿಂದ ಹಾಲು ತಗೊಂಡು ಬನ್ನಿ ಎನ್ನುವ ಹಾಗೆ.

ಪಾಸು ಹೋದರೆ ನಾವು ದೇಶ ಬಿಡಬೇಕು. ನಾನೂ ನನ್ನ ಹೆಂಡತಿ ಸುಮತಿಯೂ ಎಲ್ಲಿದ್ದರೂ ಬದುಕುತ್ತೇವೆ, ಪ್ರಶ್ನೆ ನಮ್ಮದಲ್ಲ. ಮಗಳು ನಿಧಿ ಹುಟ್ಟಿದ್ದು ಇಲ್ಲಿ, ಓದುತ್ತಿರುವುದು ಇಲ್ಲಿಯ ಫಾರ್ಮ್ ಫೈವ್, ಹೈಸ್ಕೂಲಿನ ಕೊನೆಯ ವರ್ಷ. ವರ್ಷದ ಕೊನೆಗೆ ಅವಳ ಶಾಲೆಯ ಕೊನೆಯ ದೊಡ್ಡ ಪರೀಕ್ಷೆ. ಪಾಸು ಮುಗಿಯುವುದು ಅದಕ್ಕಿಂತ ಮುಂಚೆ. ನಡುವೆ ಎಬ್ಬಿಸಿಕೊಂಡು ಹೋದರೆ ಅವಳು ಅಲ್ಲಿಯದನ್ನೂ ಬರೆದವಳಲ್ಲ, ಇಲ್ಲಿಯದನ್ನೂ ಬರೆದವಳಲ್ಲ ಎಂದಾಗುತ್ತದೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಅವಳು. ಈ ವಿಷಯ ಹೇಳಿದಾಗ ಗೋಡೆಯ ಕ್ಯಾಲೆಂಡರ್ ಬಿಚ್ಚಿ ತಂದು ತಿಂಗಳುಗಳನ್ನು ಬೆರಳಲ್ಲಿ ಎಣಿಸಿದಳು.

ದುಡಿಯುವವರಿಗೆ ಪದವಿ ಕೊಡುವ ಒಂದು ವಿಶ್ವವಿದ್ಯಾಲಯ ಸಿಕ್ಕಿತು. ನನ್ನ ಡಿಪ್ಲೊಮಾ, ಅನುಭವ, ತಲೆಯ ಬಿಳಿಗೂದಲು ಎಲ್ಲವನ್ನೂ ತೂಗಿ ನೋಡಿ ಹೆಚ್ಚುಕಡಿಮೆ ಎಲ್ಲ ಕ್ರೆಡಿಟ್ಟುಗಳನ್ನೂ ಕೊಟ್ಟರು. ಉಳಿದದ್ದು ಎರಡೇ: ಗಣಿತ, ವಿಜ್ಞಾನ. ಪದವಿ ಎಂದ ಮೇಲೆ ಇವೆರಡು ಇರಲೇಬೇಕಂತೆ. ಆದರೆ ತರಗತಿಯಲ್ಲಿ ಕೂರಬೇಕಾಗಿಲ್ಲ. ಗೊತ್ತಿರುವುದನ್ನು ಒಂದು ಪರೀಕ್ಷೆಯಲ್ಲಿ ತೋರಿಸಿಕೊಟ್ಟರೆ ಕ್ರೆಡಿಟ್ ಕೊಡುತ್ತಾರೆ. ಒಂದು ವಿಷಯಕ್ಕೆ ಒಂದೇ ಸಲ ಅವಕಾಶ. ತಪ್ಪಿದರೆ ಮುಂದಿನ ವರ್ಷ ಹುಡುಗರ ಜೊತೆ ಬೆಂಚಿನ ಮೇಲೆ. ನನಗೆ ಈ ಏರ್ಪಾಡು ಬಹಳ ಹಿಡಿಸಿತು. ಇಷ್ಟು ಕಾಲಕ್ಕೆ ನನಗೆ ಗೊತ್ತಿರುವುದೇನೆಂದು ಕೇಳುವವರು ಒಬ್ಬರು ಹುಟ್ಟಿದರಲ್ಲ!

ಓದು ಶುರುವಾಯಿತು. ಊಟದ ಮೇಜಿನ ಒಂದು ತುದಿಯಲ್ಲಿ ನಿಧಿ, ಇನ್ನೊಂದು ತುದಿಯಲ್ಲಿ ನಾನು. ನನ್ನ ಬಾಯಿಲೆಕ್ಕ ಕೇಳಿ ಕೇಳಿ ಅವಳು, "ಅಪ್ಪಾ, ಕ್ಯಾನ್ ಯು ಥಿಂಕ್ ಸೈಲೆಂಟ್ಲಿ? ಪ್ಲೀಸ್?" ಎಂದು ಕಿವಿಗೆ ಏನೋ ಸಿಕ್ಕಿಸಿಕೊಂಡಳು. ಸುಮತಿ, "ಅವರಪ್ಪಂದೂ ಹಿಂಗೇ ಇತ್ತು ಬಿಡು, ಸಂತಿಗೆ ಹೋದ್ರೆ ಕಾಯಿಪಲ್ಲೆದವ್ರು ಪುರಾಣ ಶುರುವಾತು ಅಂತಿದ್ರು" ಎಂದು ಮಗಳ ಪಕ್ಷ ವಹಿಸಿದಳು. ಕೊನೆಗೆ ನಾನು ಅಭ್ಯಾಸವನ್ನು ಡೇಟಾ ಸೆಂಟರಿನ ಯಂತ್ರದ ಕೋಣೆಗೆ ಸಾಗಿಸಿದೆ. ಅಲ್ಲಿಯ ಗದ್ದಲದಲ್ಲಿ ಗುರುಬಸಪ್ಪ ಮಾಸ್ತರ ಇಡೀ ಶಾಲೆಯೇ ಬಂದು ಕಿರುಚಿದರೂ ಕೇಳಿಸದು. ಒಂದು ದಿನ ನನ್ನ ಜೊತೆಯ ಟೆಕ್ನಿಷಿಯನ್ ಮುರುಗನ್, ಇಲ್ಲಿಯ ತಮಿಳಿನವನು, ನನಗಾಗಿ ಮಾಮಕ್ ಎಂಬ ಇಲ್ಲಿಯ ಬೀದಿ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡ ಚಹದ ಪೊಟ್ಟಣ ಹಿಡಿದು ಒಳಗೆ ಬಂದ. ಕಣ್ಣು ಮುಚ್ಚಿ, ಸ್ವಲ್ಪ ತೂಗಾಡುತ್ತ, ಹತ್ತೊಂಬತ್ತರ ಮಗ್ಗಿಯಲ್ಲಿದ್ದ ನನ್ನನ್ನು ನೋಡಿ ಸದ್ದಿಲ್ಲದೆ ಬೂಟು ಬಿಚ್ಚಿಟ್ಟು ಕೈಮುಗಿದು ನಿಂತಿದ್ದ. "ಎನ್ನ ಮಂದಿರಂ ಅಣ್ಣೆ? ನಲ್ಲ ಪವರ್!" ಅಂದ. ಇದು ಮಂತ್ರವಲ್ಲ, ಗಣಿತ ಅಂದೆ. ಅವನು ನಂಬಲಿಲ್ಲ. ಅವತ್ತು ಕೆಟ್ಟು ನಿಂತಿದ್ದ ಪಂಪೊಂದು ತಾನಾಗಿ ಹೊರಟದ್ದು ಅವನ ನಂಬಿಕೆಯನ್ನು ಗಟ್ಟಿ ಮಾಡಿತು.

ಪರೀಕ್ಷೆ ಮನೆಯಲ್ಲೇ, ಕಂಪ್ಯೂಟರಿನ ಎದುರು. ಕೋಣೆಯಲ್ಲಿ ಇನ್ನೊಬ್ಬರಿರಬಾರದು, ಮೇಜಿನ ಮೇಲೆ ಬಿಳಿಹಾಳೆ ಪೆನ್ನು ಬಿಟ್ಟು ಏನೂ ಇರಬಾರದು, ಕ್ಯಾಲ್ಕ್ಯುಲೇಟರ್ ಕೂಡದು. ಕ್ಯಾಮೆರಾ ಮುಖ ನೋಡುತ್ತಿರುತ್ತದೆ, ಮೈಕು ಉಸಿರು ಕೇಳುತ್ತಿರುತ್ತದೆ. ತಾಯಿ ಮಗಳಿಬ್ಬರನ್ನೂ ದೇವಸ್ಥಾನಕ್ಕೆ ಅಟ್ಟಿದೆ. ಬೆಳಗಿನ ವಿಜ್ಞಾನದ ಪತ್ರಿಕೆ ಸುಖವಾಗಿ ಮುಗಿದು ಪಾಸು ಎಂಬ ಉತ್ತರವೂ ಆಗಲೇ ಬಂತು; ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಇಷ್ಟು ವರ್ಷ ಸಂಬಳ ಕೊಟ್ಟು ಕಲಿಸಿದ್ದರಲ್ಲ. ಮಧ್ಯಾಹ್ನ ಗಣಿತ. ತುಟಿ ಹೊಲಿದುಕೊಂಡೇ ಕೂತೆ. ಮೊದಲ ಗುಣಾಕಾರ ಬಂತು. ಹಗ್ಗವಿಲ್ಲದ ಬಾವಿಯ ಮುಂದೆ ನಿಂತ ಹಾಗಾಯಿತು. ನೀರು ಕಾಣುತ್ತದೆ, ಸಿಗುವುದಿಲ್ಲ. ಸುಮ್ಮನಿರಲು ಪ್ರಯತ್ನಿಸಿದಷ್ಟೂ ಅಂಕಿಗಳು ಮುಖ ತಿರುಗಿಸಿದವು. ಗಡಿಯಾರ ಓಡುತ್ತಿತ್ತು, ನಿಧಿಯ ಮುಖ ನೆನಪಾಯಿತು, ಗಂಟಲು ತಾನಾಗಿ ತೆರೆದುಕೊಂಡಿತು. ಮೆಲ್ಲಗೆ ಅಂದುಕೊಂಡದ್ದು ನಿಜ. ಆದರೆ ಮೆಲ್ಲಗೆ ಎನ್ನುವುದರಲ್ಲಿ ನಮ್ಮ ಓಣಿಯ ಅಳತೆಯೇ ಬೇರೆ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಮಾತನಾಡಬೇಡಿ ಎಂಬ ಎಚ್ಚರಿಕೆ ಬಂತು. ಹೋಯಿತು. ಮತ್ತೆ ಬಂತು. ನಾನು ಅದರ ಜೊತೆಗೆ ಒಂದು ಬಗೆಯ ಒಪ್ಪಂದ ಮಾಡಿಕೊಂಡು ಪತ್ರಿಕೆ ಮುಗಿಸಿದೆ.

ಫಲಿತಾಂಶದ ಬದಲು ನೋಟೀಸು ಬಂತು. ಅಭ್ಯರ್ಥಿಯು ಪರೀಕ್ಷೆಯ ಉದ್ದಕ್ಕೂ ಅಪರಿಚಿತ ಭಾಷೆಯಲ್ಲಿ ಕಾಣದ ವ್ಯಕ್ತಿಯೊಡನೆ ಸಂಭಾಷಿಸಿದ್ದು ಕಂಡುಬಂದಿದೆ, ಫಲಿತಾಂಶವನ್ನು ತಡೆಹಿಡಿಯಲಾಗಿದೆ. ಎರಡು ದಾರಿಗಳಿವೆ. ಒಂದು, ಮಾತನಾಡಿದ್ದನ್ನು ಒಪ್ಪಿಕೊಂಡು ಪತ್ರಿಕೆಯನ್ನು ರದ್ದು ಮಾಡಿಸಿಕೊಳ್ಳುವುದು. ಮೊದಲ ತಪ್ಪಾದ್ದರಿಂದ ಮುಂದಿನ ತಿಂಗಳೇ ವಿಶ್ವವಿದ್ಯಾಲಯದ ಕೊಠಡಿಯಲ್ಲಿ ಮತ್ತೆ ಬರೆಯಬಹುದು. ಇನ್ನೊಂದು, ಸಮಿತಿಯ ಮುಂದೆ ಬಂದು ನಿರಪರಾಧಿ ಎಂದು ಸಾಬೀತು ಮಾಡುವುದು. ಆಗ ಬರೆದ ಪತ್ರಿಕೆಯ ಅಂಕವೇ ಅಂತಿಮ.

"ಏನ್ರೀ, ಇನ್ನೊಂದ್ಸಲ ಬರೀರಿ ಅಂತಾರಲ್ಲ, ಬರ್ದು ಬಿಡ್ರಿ," ಎಂದಳು ಸುಮತಿ. "ಹ್ಞೂಂ ಮಾತಾಡ್ದೆ ಅಂತ ಒಂದು ಮಾತು ಅಂದ್ರೆ ಗಂಟೇನು ಹೋಗ್ತತಿ?"

"ಮಾತಾಡಿದೆ ಅನ್ನೋದಲ್ಲ, ಯಾರ ಜೊತೆಗೋ ಮಾತಾಡಿದೆ ಅಂತಾರೆ. ಕಾಪಿ ಹೊಡೆದವನು ಅಂತ ಒಪ್ಪಿಕೋ ಅಂತೀಯಾ?"

"ಮಗಳ ಪರೀಕ್ಷೆಗಿಂತ ನಿಮ್ಮ ಮರ್ಯಾದೆ ದೊಡ್ಡದೇನ್ರಿ?"

"ಎರಡೂ ಉಳೀತವೆ. ನಾನು ಚೆನ್ನಾಗಿ ಬರೆದಿದ್ದೇನೆ. ಮಗ್ಗಿ ನನ್ನದಲ್ಲ, ಗುರುಬಸಪ್ಪ ಮಾಸ್ತರದು. ಅದು ತಪ್ಪಾಗೋದಿಲ್ಲ."

"ಜಸ್ಟ್ ರೀಟೇಕ್ ಲಾ, ಅಪ್ಪಾ," ಎಂದಳು ನಿಧಿ. ಆ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಕೇಳಿಸಿಕೊಳ್ಳಲಿಲ್ಲ. ವಂಶದಲ್ಲಿ ಯಾರೂ ಮಾಡದ ಕಳ್ಳತನವನ್ನು ನಾನು ಹೊರುವುದಿಲ್ಲ ಎಂದು ಎದ್ದು ನಿಂತು ಘೋಷಿಸಿದೆ.

ಸಮಿತಿಯ ಅಧ್ಯಕ್ಷೆ ಒಬ್ಬ ಮಲಯ ಪ್ರೊಫೆಸರ್. ತಲೆವಸ್ತ್ರ ಧರಿಸಿದ್ದ, ಮೆತ್ತಗಿನ ದನಿಯ ಹೆಂಗಸು. "ಎನ್‌ಚಿಕ್ ನಾಗರಾಜ್, ಕೂತುಕೊಳ್ಳಿ" ಎಂದು ಇಲ್ಲಿಯ ಗೌರವದ ರೀತಿಯಲ್ಲಿ ಕರೆದರು. ಪಕ್ಕದಲ್ಲಿ, ಆ ಅಪರಿಚಿತ ಭಾಷೆಯನ್ನು ಪರಿಚಯ ಮಾಡಿಸಲೆಂದು ಕರೆತಂದಿದ್ದ ಡಾಕ್ಟರ್ ಭಟ್ಟರು. ಉಡುಪಿಯವರು, ಇಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವವರು. ಪರೀಕ್ಷೆಯ ಧ್ವನಿಮುದ್ರಣ ಹಚ್ಚಿದರು. ನನ್ನ ದನಿಯನ್ನು ನಾನೇ ಮೊದಲ ಸಲ ಹೊರಗಿನಿಂದ ಕೇಳಿದೆ. ಯಾರೋ ಬಾವಿಗೆ ಬಿದ್ದು ಅಲ್ಲಿಂದಲೇ ಭಜನೆ ಮಾಡುತ್ತಿರುವ ಹಾಗಿತ್ತು. ಭಟ್ಟರ ಮುಖ ಅರಳಿತು. "ಅಯ್ಯೋ, ಇದು ಮಗ್ಗಿ ಮಾರಾಯ್ರೆ! ಎಷ್ಟು ವರ್ಷ ಆಯ್ತು ಕೇಳದೆ!" ಎಂದು ನನಗೆ ಹೇಳಿ, ಅಧ್ಯಕ್ಷೆಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಅಧ್ಯಕ್ಷೆ, ಈಗ ಇಲ್ಲಿ ಒಂದನ್ನು ಹೇಳಿ ತೋರಿಸಬಹುದೇ ಎಂದರು. ಧ್ವನಿಮುದ್ರಣದಲ್ಲಿ ಹೆಚ್ಚು ಸಲ ಕೇಳಿಬಂದದ್ದು ಹದಿನೇಳು. ಅದನ್ನೇ ಹೇಳಿ ಎಂದರು ಭಟ್ಟರು.

ನಾನು ಎದ್ದು ಕೈಕಟ್ಟಿ ನಿಂತೆ. ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಲ್ಕು. ಮೂರನೆಯ ಸಾಲಿಗೆ ಭಟ್ಟರ ತುಟಿ ಅಲುಗಿತು. ಐದನೆಯದಕ್ಕೆ ದನಿ ಸೇರಿತು. ಆರಕ್ಕೆ ಅವರೂ ಎದ್ದು ನಿಂತಿದ್ದರು. ದಾವಣಗೆರೆಯೂ ಉಡುಪಿಯೂ ಒಂದೇ ರಾಗದಲ್ಲಿ, ಆ ತಣ್ಣನೆಯ ಕೋಣೆಯ ಗಾಜು ಅದುರುವಂತೆ, ಹದಿನೇಳೇಳ್ಲೆ ನೂರಾ ಹತ್ತೊಂಬತ್ತನ್ನು ದಾಟಿ ಹದಿನೇಳೆಂಟಕ್ಕೆ ಬಂದವು. ನಾನು ನೂರಾ ಇಪ್ಪತ್ತಾರು ಅಂದೆ. ಭಟ್ಟರು ನೂರಾ ಮೂವತ್ತಾರು ಅಂದರು.

ಇಬ್ಬರೂ ನಿಂತೆವು. ಅಧ್ಯಕ್ಷೆ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು. ಭಟ್ಟರು ಮೆಲ್ಲಗೆ, "ಹತ್ತೊಂಬತ್ತಕ್ಕೆ ಹದಿನೇಳು ಕೂಡಿಸಿದ್ರೆ ಎಷ್ಟಾಯ್ತು ಮಾರಾಯ್ರೆ?" ಎಂದರು. ನನಗೆ ಆ ಕ್ಷಣದಲ್ಲಿ ಕಂಡದ್ದು ನಮ್ಮ ಹಿಂದಿನ ಸಾಲಿನ ಬೆಂಚು. ಆ ಬೆಂಚಿನವರು ಅಷ್ಟೂ ಜನ ವರ್ಷಾನುಗಟ್ಟಲೆ ನೂರಾ ಇಪ್ಪತ್ತಾರು ಎಂದೇ ಕಿರುಚಿರಬೇಕು. ಮುಂದಿನ ಸಾಲಿನವರ ಸರಿಯಲ್ಲಿ ನಮ್ಮ ತಪ್ಪು ಮುಳುಗಿಹೋಗಿರಬೇಕು. ಜಗಲಿಯ ಮೇಲೆ ಮಾಸ್ತರಿಗೆ ಕೇಳಿಸಿದ್ದು ಗದ್ದಲ ಮಾತ್ರ. ಇಷ್ಟು ಕಾಲ ನಾನು ಒಬ್ಬನೇ ಹಾಡುತ್ತ ಬಂದಿದ್ದೆ, ಪಕ್ಕದಲ್ಲಿ ಸರಿಯಾಗಿ ಹಾಡುವವರು ಯಾರೂ ಇರಲಿಲ್ಲ.

ಧ್ವನಿಮುದ್ರಣದಲ್ಲಿಯೂ ಅದೇ ನೂರಾ ಇಪ್ಪತ್ತಾರು ಪ್ರತಿಸಲವೂ ಇತ್ತು. ಸಮಿತಿಗೆ ಇನ್ನು ಸಂಶಯ ಉಳಿಯಲಿಲ್ಲ. ಯಾರಾದರೂ ಹೇಳಿಕೊಟ್ಟಿದ್ದರೆ ಸರಿಯಾದ ಉತ್ತರ ಹೇಳಿಕೊಡುತ್ತಿದ್ದರಲ್ಲ, ಎಂದರು ಅಧ್ಯಕ್ಷೆ. ನಾನು ಸಂಪೂರ್ಣ ಪ್ರಾಮಾಣಿಕ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಎದ್ದು ಬಂದು ಅಭಿನಂದಿಸಿದರು. ಆಮೇಲೆ ತಡೆಹಿಡಿದಿದ್ದ ಅಂಕ ತೆರೆದರು. ಪಾಸಾಗಲು ಒಂದೇ ಒಂದು ಪ್ರಶ್ನೆಯಷ್ಟು ಕಡಿಮೆ ಬಿದ್ದಿತ್ತು. ಆ ಪ್ರಶ್ನೆ ಯಾವುದೆಂದು ಓದುಗರು ಊಹಿಸಬಲ್ಲರು. ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ನನ್ನದೂ ಒಂದಿತ್ತು. ಪತ್ರಿಕೆ ತೆಗೆದವನೂ ನಮ್ಮ ಬೆಂಚಿನವನೇ ಇರಬೇಕು. ಅಪರಾಧಿಯಾಗಿದ್ದರೆ ಮುಂದಿನ ತಿಂಗಳು ಇನ್ನೊಂದು ಪರೀಕ್ಷೆ ಸಿಗುತ್ತಿತ್ತು. ನಿರಪರಾಧಿಗೆ ಆ ಸೌಲಭ್ಯವಿಲ್ಲ.

ಭಟ್ಟರು ಕಾರಿನವರೆಗೂ ಬಂದರು. "ನನ್ನ ಬಾಯಿ ಸುಮ್ಮನಿರ್ಬೇಕಿತ್ತು," ಎಂದು ಮತ್ತೆ ಮತ್ತೆ ಅಂದರು. ಅಂಕ ಮೊದಲೇ ಬಿದ್ದಿತ್ತು, ನಿಮ್ಮ ಬಾಯಿಯ ತಪ್ಪೇನಿಲ್ಲ ಎಂದೆ. ಆ ಕೋಣೆಯಲ್ಲಿ ಅವತ್ತು ಗಣಿತದಲ್ಲಿ ಪಾಸಾದವರು ಅವರೊಬ್ಬರೇ, ಅವರಿಗೆ ಬೇಕಾಗಿರಲೂ ಇಲ್ಲ. ಅವರ ಮನೆ ಪೆಟಾಲಿಂಗ್ ಜಯಾದಲ್ಲಿ. ಮಗಳ ವಿಷಯ ಕೇಳಿದ ಮೇಲೆ ಎರಡು ದಿನ ಬಿಟ್ಟು ಹೆಂಡತಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಪರೀಕ್ಷೆ ಮುಗಿಯುವವರೆಗೆ ನಿಧಿ ತಮ್ಮ ಜೊತೆಗಿರಲಿ, ವಿದ್ಯಾರ್ಥಿ ಪಾಸಿನ ಓಡಾಟ ತಮಗಿರಲಿ ಎಂದರು. ಬೇಡ ಎನ್ನುವ ಸ್ಥಿತಿಯಲ್ಲಿ ನಾವಿರಲಿಲ್ಲ. ನಿಧಿ ತನ್ನ ಪುಸ್ತಕಗಳನ್ನು ಬೇರೆ, ನಮ್ಮ ಸಾಮಾನುಗಳನ್ನು ಬೇರೆ ಮಾಡುತ್ತಿದ್ದಾಳೆ. ಅವಳು ಪರೀಕ್ಷೆ ಬರೆಯುವಾಗ ನಾವು ಸಮುದ್ರದ ಆಚೆ ಇರುತ್ತೇವೆ. ಸುಮತಿ ನನ್ನನ್ನು ಬಯ್ಯುತ್ತಿಲ್ಲ, ಅದೇ ಕಷ್ಟ.

ನಿನ್ನೆ ನಿಧಿ ಪೆಟ್ಟಿಗೆಗೆ ಟೇಪು ಅಂಟಿಸುತ್ತ, ತಲೆಯೆತ್ತದೆ, "ಟೆನ್ ಎಯ್ಟ್ಸ್ ಆರ್ ಎಯ್ಟಿ, ಸೆವೆನ್ ಎಯ್ಟ್ಸ್ ಆರ್ ಫಿಫ್ಟಿ ಸಿಕ್ಸ್. ದಟ್ಸ್ ಆಲ್, ಅಪ್ಪಾ," ಅಂದಳು. ಒಂದೇ ಉಸಿರು, ತುಟಿಯೂ ಸರಿಯಾಗಿ ಅಲುಗಲಿಲ್ಲ. ಎಷ್ಟು ಸುಲಭ ಎನ್ನಿಸಿತು. ಬಾಲ್ಕನಿಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಸರಿಯಾದದ್ದನ್ನು ಒಮ್ಮೆ ಕೂರಿಸಿಕೊಳ್ಳೋಣವೆಂದು ಮೊದಲಿನಿಂದ ಹೊರಟೆ. ಎಚ್ಚರದಿಂದಲೇ ಹೋದೆ. ಏಳನ್ನು ದಾಟಿ ಎಂಟಕ್ಕೆ ಬಂದೆ. ನೂರಾ ಇಪ್ಪತ್ತಾರೇ ಬಂತು. ಇನ್ನೊಮ್ಮೆ ಹೇಳಿದೆ, ಇನ್ನೂ ಸ್ವಲ್ಪ ಗಟ್ಟಿಯಾಗಿ. ನನ್ನ ಬಾಯಲ್ಲಿ ಅದು ಎಷ್ಟು ಸರಿಯಾಗಿ ಕೇಳಿಸಿತೆಂದರೆ, ಸಮಿತಿಯ ತೀರ್ಮಾನದ ಮೇಲೆ ಮೇಲ್ಮನವಿಗೆ ಏನಾದರೂ ಅವಕಾಶವಿದೆಯೇ ಎಂದು ಕೇಳಿ ನೋಡುವ ಮನಸ್ಸಾಗಿ ಫೋನು ಕೈಗೆತ್ತಿಕೊಂಡೆ. ಒಳಗಿನಿಂದ ಸುಮತಿ ಬಂದು ನನ್ನ ಕೈಯಲ್ಲಿದ್ದ ಫೋನನ್ನು ತೆಗೆದುಕೊಂಡು ಹೋದಳು.