ಕಾಡಿನ ಒಂಟಿ ದಾರಿಹೋಕ

ಚಿತ್ರ ನೋಡುವುದು ಬೇರೆ, ಓದುವುದು ಬೇರೆ ಎಂದು ನಮ್ಮ ಹೆಡ್ ಕ್ಲಾರ್ಕ್ ಸಾಹೇಬರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಓದುವುದಕ್ಕೆ ಮನೆಯಲ್ಲಿದ್ದದ್ದು ಒಂದೇ ಚಿತ್ರ. ನಡುಮನೆಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಯಾವುದೋ ಕಾಲದ ಡಚ್ ಕಾಡು: ಮುದಿ ಓಕ್ ಮರಗಳು, ದಟ್ಟ ಮೋಡ, ಕೆಸರು ದಾರಿ, ಅದರಲ್ಲಿ ಕೋಲೂರಿಕೊಂಡು ಹೊರಟ ಉಗುರಿನಷ್ಟು ಮನುಷ್ಯ. ಅದರ ಮೇಲೆ ಸಾಹೇಬರು ಸೋಫಾದಿಂದ ಏಳದೆಯೇ ಗಂಟೆಗಟ್ಟಲೆ ವ್ಯಾಖ್ಯಾನ ಮಾಡಬಲ್ಲವರು.

ಆ ಭಾನುವಾರದ ವ್ಯಾಖ್ಯಾನಕ್ಕೆ ವಿಶೇಷ ತೂಕವಿತ್ತು. ಆಫೀಸಿನ ಕಲಾ ಬಳಗಕ್ಕೆ ಅಧ್ಯಕ್ಷರು ಬೇಕಾಗಿದ್ದರು. ಆರಿಸುವವರು ಮ್ಯಾನೇಜರ್ ಮೇಡಂ. ಆ ಮೇಡಂ ಟೀಗೆ ಬರಲು ಒಪ್ಪಿದ್ದರು. ‘ಏಕಾಂತ’ ಎನ್ನುವಾಗ ಹುಬ್ಬು ಎಷ್ಟು ಏರಬೇಕೆಂದು ಸಾಹೇಬರು ಬೆಳಗ್ಗಿನಿಂದ ಕನ್ನಡಿಯೆದುರು ಸಾಧನೆ ಮಾಡಿದರು. (ಅಷ್ಟರಲ್ಲಿ ಹೆಂಡತಿ ಪರದೆ ಒಗೆದು, ನೆಲ ಒರೆಸಿ, ಅಂಗಡಿಗೆ ಹೋಗಿ ಬಂದು, ಸಾಹೇಬರ ಅಂಗಿಗೆ ಇಸ್ತ್ರಿ ಹಾಕಿದ್ದಳು. ಅದೇನು ದೊಡ್ಡ ಸಂಗತಿಯಲ್ಲ, ಕಂಸದೊಳಗೇ ಇರಲಿ.)

ಮೇಡಂ ಬಂದು ಕೂತದ್ದೇ ತಡ, ಸಾಹೇಬರು ಶುರು ಹಚ್ಚಿಕೊಂಡರು.

“ನೋಡಿ ಮೇಡಂ, ಇಡೀ ಕಾಡಲ್ಲಿ ಒಬ್ಬನೇ ಒಬ್ಬ. ಅವನ ಭಾರ ಅವನೇ ಹೊರಬೇಕು. ಗಂಡಸಿನ ಬದುಕೇ ಇಷ್ಟು.”

ಮೇಡಂ ತಲೆದೂಗಿದರು. ಅಧ್ಯಕ್ಷ ಪದವಿ ಬಂದು ಸೋಫಾದ ಮೇಲೆ ತಮ್ಮ ಪಕ್ಕದಲ್ಲೇ ಕೂತ ಹಾಗೆ ಸಾಹೇಬರಿಗೆ ಅನಿಸಿತು.

ಮೂಲೆಯ ಕುರ್ಚಿಯಲ್ಲಿ ಅತ್ತೆಯವರಿದ್ದರು, ಹೆಂಡತಿಯ ತಾಯಿ. ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಗೆ ಬಂದಿದ್ದ ಅವರಿಗೆ ಹೊಸ ಕಣ್ಣಿನ ಉಮೇದು. ಗೋಡೆಯ ಬಿರುಕು, ಅಳಿಯನ ಕಿವಿಯ ಕೂದಲು, ಏನನ್ನೂ ಬಿಟ್ಟಿರಲಿಲ್ಲ. ಈಗ ಎದ್ದು ಹೋಗಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು.

“ಅಳಿಯಂದ್ರೇ, ಇವನು ಒಬ್ಬನೇ ಅಲ್ಲ. ಹಿಂದೆ ಮರದ ನೆರಳಲ್ಲಿ ಹೆಂಡ್ತಿ ಬರ್ತಿದಾಳೆ. ಪಾಪ, ಬೆನ್ನ ಮೇಲೆ ಇಷ್ಟು ದೊಡ್ಡ ಸೌದೆ ಹೊರೆ.”

ಮೇಡಂ ಎದ್ದು ನೋಡಿದರು. ಸಾಹೇಬರೂ ನೋಡಿದರು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಹತ್ತಿರದಿಂದ. ನಿಜವಾಗಿಯೂ ಇದ್ದಳು, ಸೊಂಟ ಬಗ್ಗಿಸಿಕೊಂಡು, ಹೊರೆಯ ಕೆಳಗೆ. ಮುಂದೆ ಹೋಗುವ ಮಹಾಶಯನ ಕೈಯಲ್ಲಿ ಕೋಲು ಬಿಟ್ಟರೆ ಏನೂ ಇರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಹೆಂಡತಿ ಟೀ ಕಪ್ಪು, ತಟ್ಟೆ, ನೀರಿನ ಜಗ್ಗು ಎಲ್ಲವನ್ನೂ ಒಂದೇ ಟ್ರೇಯಲ್ಲಿ ಹೊತ್ತುಕೊಂಡು ಅಡುಗೆಮನೆಯಿಂದ ಬಂದಳು. ಮೇಡಂ ಅವಳನ್ನು ನೋಡಿದರು, ಆಮೇಲೆ ಸಾಹೇಬರ ಖಾಲಿ ಕೈ ನೋಡಿದರು. ಚಿತ್ರದ ಹೆಂಗಸು ನಿಮಗೆ ಕಂಡಿದ್ದಳೇ ಎಂದು ಹೆಂಡತಿಯನ್ನೇ ಕೇಳಿದರು.

“ಗಾಜು ಒರೆಸೋಳು ನಾನೇ ಅಲ್ವಾ ಮೇಡಂ, ಮೊದಲ್ನೇ ದಿನಾನೇ ಕಂಡಿದ್ಲು. ಇವರು ಒಂಟಿ ಒಂಟಿ ಅಂತ ಅಷ್ಟು ಆಸೆಯಿಂದ ಹೇಳ್ತಿದ್ರು. ಯಾಕೆ ನೋಯಿಸೋದು ಅಂತ ಸುಮ್ಮನಿದ್ದೆ.”

ಅವಳು ಜರೆದಿದ್ದರೆ ಜಗಳಕ್ಕಾದರೂ ದಾರಿಯಿತ್ತು. ಈ ಕನಿಕರದ ಜೊತೆ ಜಗಳವಾಡುವುದು ಹೇಗೆ? ಸಾಹೇಬರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹೊರಡುವಾಗ ಮೇಡಂ ಅಧ್ಯಕ್ಷ ಪದವಿಯ ಸುದ್ದಿ ಎತ್ತಲಿಲ್ಲ. ಮುಂದಿನ ಚಿತ್ರ ಪ್ರದರ್ಶನಕ್ಕೆ ಬರಲೇಬೇಕೆಂದು ಅತ್ತೆಯವರನ್ನು ಆಹ್ವಾನಿಸಿ ಹೋದರು.

ಮರುದಿನ ಸಂಜೆ ಸಾಹೇಬರು ಹೆಂಡತಿಯ ಕೈಯಿಂದ ತರಕಾರಿ ಚೀಲ ಕಸಿದುಕೊಂಡು ಬೀದಿಗಿಳಿದರು. ಟೈಲರ್ ಹೊಲಿಗೆ ನಿಲ್ಲಿಸಿ ಅಮ್ಮಾವ್ರಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದ. ಔಷಧಿ ಅಂಗಡಿಯವನೂ ಅದನ್ನೇ ಕೇಳಿದ. ಕಿರಾಣಿ ಅಂಗಡಿಯವನಂತೂ ತಕ್ಕಡಿ ಬಿಟ್ಟು ಹೊರಗೇ ಬಂದ.

“ಅಮ್ಮಾವ್ರನ್ನ ಆಸ್ಪತ್ರೆಗೆ ಸೇರಿಸಿದ್ರಾ ಸಾರ್?”

ಹಿಂದಿನಿಂದ ಕೈಬೀಸಿಕೊಂಡು ಬರುತ್ತಿದ್ದ ಹೆಂಡತಿ ನಕ್ಕಳು.

“ನನಗೇನೂ ಆಗಿಲ್ಲ ಕಣಪ್ಪ. ನಮ್ಮಮ್ಮನ ಕಣ್ಣು ಸರಿಹೋಯ್ತು, ಅದಕ್ಕೆ.”

ಅಂಗಡಿಯವನಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದ ಸಾಹೇಬರು ತಲೆ ತಗ್ಗಿಸಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು, ಹೆಂಡತಿ ಮುಂದೆ ಹೋಗಲಿ ಎಂದು ನಿಂತರು.