ಚೌಕಾಸಿ ಪ್ರಬಂಧದ ಶತ್ರು

ಅಂಜನಮೂರ್ತಿಯವರ ಪ್ರಬಂಧ ವಾಪಸ್ ಬಂದಿತ್ತು. ಇಂದಿರಾನಗರದ ಒಂದು ವಿಶ್ವವಿದ್ಯಾಲಯದ ಎಂ.ಬಿ.ಎ. ವಿಭಾಗದಲ್ಲಿ ಹದಿನೆಂಟು ವರ್ಷ ಪಾಠ ಹೇಳಿ ಗಂಟಲು ಸವೆಸಿಕೊಂಡ ಅವರಿಗೆ ಪ್ರೊಫೆಸರ್ ಹುದ್ದೆಗೇರಲು ಇನ್ನೊಂದೇ ಒಂದು ಪ್ರಬಂಧ ಅಚ್ಚಾಗಬೇಕಿತ್ತು. ಸೋಮವಾರ ಸಂದರ್ಶನ. ಶುಕ್ರವಾರ ಬೆಳಗ್ಗೆ ಸಂಶೋಧನಾ ಪತ್ರಿಕೆಯಿಂದ ಮೇಲ್: 'ಕಮರ್ಷಿಯಲ್ ಸ್ಟ್ರೀಟಿನ ಚೌಕಾಸಿ' ತಿರಸ್ಕೃತ. ಹೆಸರು ಹೇಳದ ವಿಮರ್ಶಕರ ಅಭಿಪ್ರಾಯ ಒಂದೇ ಸಾಲು: 'ಈ ಲೇಖಕರು ಆ ಬೀದಿಯಲ್ಲಿ ಒಂದು ಕರ್ಚೀಫನ್ನೂ ಚೌಕಾಸಿ ಮಾಡಿ ಕೊಂಡವರಲ್ಲ.'

ಮಾತೇನೋ ನಿಜ. ಆರು ತಿಂಗಳು ಅಂಗಡಿಯಿಂದ ಅಂಗಡಿಗೆ ಅಲೆದವಳು ಅವರ ಪಿಎಚ್.ಡಿ. ವಿದ್ಯಾರ್ಥಿನಿ ತೂಬಾ. ಆದರೆ ಇದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ವಿಭಾಗದವರೇ ಯಾರೋ ಇರಬೇಕೆಂಬ ಹುಳ ತಲೆಯೊಳಗೆ ಹೊಕ್ಕಿತು.

ಟೀ ತಂದ ಅಟೆಂಡರ್ ಮುನಿಲಕ್ಷ್ಮಮ್ಮ ಆ ಹುಳಕ್ಕೆ ಮೇವು ಹಾಕಿದರು. "ಸುಗತ ಸಾರು ಬೆಳಗ್ಗಿಂದ ಕಂಪ್ಯೂಟರ್ ನೋಡ್ಕೊಂಡು ಒಬ್ರೇ ನಗ್ತಾವ್ರೆ ಸಾ. ನಂಗ್ಯಾಕೆ ಅಂತ ಸುಮ್ನಿದ್ದೆ."

ಸುಗತ ಪಕ್ಕದ ಕೋಣೆಯ ಮೇಷ್ಟ್ರು, ಅದೇ ಹುದ್ದೆಗೆ ಅರ್ಜಿ ಹಾಕಿದ್ದವನು. ಹನ್ನೊಂದರ ಕ್ಲಾಸಿನಲ್ಲಿ ಗ್ರಾಹಕರ ನಂಬಿಕೆಯ ಬಗ್ಗೆ ಪಾಠ ಮಾಡುತ್ತಿದ್ದ ಅಂಜನಮೂರ್ತಿ ಬೋರ್ಡಿನ ಮೇಲೆ 'ದ್ರೋಹ' ಎಂದು ಬರೆದು, ಗಾಬರಿಯಿಂದ ಒರೆಸಿದರು.

ಮಧ್ಯಾಹ್ನ ಉಪಾಯ ಹೊಳೆಯಿತು. ಆ ವಿಮರ್ಶಕನ ಹೆಸರು ಬಯಲು ಮಾಡಿ, ಅವನನ್ನು ಪತ್ರಿಕೆಯ ವಿಮರ್ಶಕರ ಪಟ್ಟಿಯಿಂದ ಕಿತ್ತುಹಾಕಬೇಕೆಂದು ಸಂಪಾದಕರಿಗೊಂದು ಪತ್ರ; ವಿಭಾಗದವರೆಲ್ಲ ಸಹಿ ಹಾಕಬೇಕು. ಕಳ್ಳನಾದವನ ಕೈ ನಡುಗದೆ ಇರುತ್ತದೆಯೇ?

ಸುಗತ ಪತ್ರವನ್ನು ಎರಡು ಸಲ ಓದಿದ. "ಕರೆಕ್ಟಾಗಿ ಬರ್ದಿದೀರ ಸಾರ್. ಇಂಥೋರನ್ನ ಸುಮ್ನೆ ಬಿಡಬಾರ್ದು. ಉತ್ತರಾನ ನಮ್ಮೆಲ್ರಿಗೂ ಕಳಿಸ್ಬೇಕು ಅಂತ ಒಂದ್ ಸಾಲು ಸೇರ್ಸಿ."

"ಬೆಳಗ್ಗೆ ಏನೋ ನಗ್ತಿದ್ರಂತೆ?" ಅಂಜನಮೂರ್ತಿ ಕಣ್ಣು ಕಿರಿದು ಮಾಡಿ ಕೇಳಿದರು.

"ಮಗಳ ಸ್ಕೂಲ್ ಡೇ ವಿಡಿಯೋ ಸಾರ್. ಆನೆ ಪಾರ್ಟು. ಸೊಂಡಿಲು ಬಿದ್ದೋಯ್ತು."

ಸಹಿ ಮುತ್ತಿನಂತೆ ಬಿತ್ತು, ಕೈ ಒಂದಿಷ್ಟೂ ನಡುಗಲಿಲ್ಲ. ಎಷ್ಟು ಪಳಗಿದ ಆಸಾಮಿಯಪ್ಪಾ ಎಂದು ಅಂಜನಮೂರ್ತಿಯವರ ಅನುಮಾನ ಇಮ್ಮಡಿಯಾಯಿತು. ಅವನು ಹೇಳಿದ ಸಾಲನ್ನೂ ಸೇರಿಸಿ ಪತ್ರ ಕಳಿಸಿಬಿಟ್ಟರು. ನಾಲ್ಕು ಜನರೆದುರು ಅವನ ಮಾನ ಹೋಗುವುದಾದರೆ ಬೇಡವೆನ್ನಲು ಇವರ್ಯಾರು?

ನಾಲ್ಕೂವರೆಗೆ ಉತ್ತರ ಬಂತು, ಸಹಿ ಹಾಕಿದ ಹದಿಮೂರು ಮಂದಿಗೂ. ಸಂಪಾದಕರು ವಿಷಾದಿಸಿದ್ದರು. ಲೇಖಕರ ಹೆಸರು ತೆಗೆದ ಪ್ರತಿಯನ್ನು ಕಚೇರಿಯವರು ಬರೀ ವಿಷಯ ನೋಡಿ ಪರಿಣತರೊಬ್ಬರಿಗೆ ಕಳಿಸಿ ಎಡವಟ್ಟು ಮಾಡಿದ್ದರಂತೆ. ಕೋರಿಕೆಯಂತೆ ಆ ವಿಮರ್ಶಕರನ್ನು ಪಟ್ಟಿಯಿಂದ ತೆಗೆಯಲಾಗಿದೆ. ಹೆಸರು: ಡಾ. ಅಂಜನಮೂರ್ತಿ.

ಕಾರಿಡಾರಿನಲ್ಲಿ ಒಂದೊಂದೇ ಬಾಗಿಲು ತೆರೆದುಕೊಂಡಿತು. ಅಂಜನಮೂರ್ತಿಯವರು ತಮ್ಮ ಬಾಗಿಲಿಗೆ ಚಿಲಕ ಹಾಕಿ, ತೂಬಾಗೆ ಫೋನ್ ಮಾಡಿದರು. ವಿಮರ್ಶೆಗೆಂದು ಬರುವ ಪ್ರಬಂಧಗಳನ್ನೆಲ್ಲ ತೆರೆದೂ ನೋಡದೆ ಅವಳಿಗೆ ದಾಟಿಸಿ, ತಮ್ಮ ಹೆಸರಿನಲ್ಲಿ ಅವಳಿಂದಲೇ ಬರೆಸುವುದು ಅವರ ಹಳೆಯ ರೂಢಿ.

"ಅದು ನಮ್ಮದೇ ಪ್ರಬಂಧ ಅಂತ ಗೊತ್ತಾಗ್ಲಿಲ್ವೇನಮ್ಮ?"

"ಗೊತ್ತಾಯ್ತು ಸಾರ್," ಎಂದಳು ತೂಬಾ ವಿನಯದಿಂದ. "ಆದ್ರೆ ಪತ್ರಿಕೆಗೆ ಕಳಿಸೋವಾಗ್ಲೇ ಅದ್ರಿಂದ ನನ್ನ ಹೆಸರು ನೀವೇ ತೆಗೆದುಬಿಟ್ಟಿದ್ರಲ್ಲ? ಉಳಿದಿದ್ದ ಲೇಖಕರು ಒಬ್ರೇ. ಅವ್ರ ಬಗ್ಗೆ ಇದ್ದದ್ದು ಇದ್ದ ಹಾಗೆ ಬರ್ದೆ."